ಟಿಬೆಟನ್ ನಿರಾಶ್ರಿತರ ಪುನರ್ವಸತಿ, ಕಾನೂನುಬದ್ಧ ದಾರಿಗಳು ಮತ್ತು ಸರ್ಕಾರದ ನೀತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬೈಲಕುಪ್ಪೆಯ ಚಿನ್ನದ ದೇವಾಲಯ ನೋಡಿ ಬಂದವರು ನಮ್ಮಲ್ಲಿ ಲಕ್ಷಗಟ್ಟಲೆ ಇದ್ದಾರೆ. ಆ ದೇವಾಲಯದ ಸುತ್ತ ಬದುಕುವವರು ಯಾವ ಕಾಗದದ ಮೇಲೆ ಈ ನಾಡಿನಲ್ಲಿದ್ದಾರೆ ಎಂದು ಕೇಳಿದರೆ ಮಾತ್ರ ಹೆಚ್ಚಿನವರಿಗೆ ಉತ್ತರ ಗೊತ್ತಿರುವುದಿಲ್ಲ. ನಿರಾಶ್ರಿತರ ವಿಚಾರವಾಗಿ ಇತ್ತೀಚೆಗೆ ಮಾತು ಬಿರುಸಾಗಿದೆ, ಮಾಹಿತಿ ತೆಳುವಾಗಿದೆ. ಆದ್ದರಿಂದ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ತಂದಿದ್ದೇನೆ. ನನ್ನ ಅಭಿಪ್ರಾಯ ಇರುವಲ್ಲಿ ಅದನ್ನು ಅಭಿಪ್ರಾಯವೆಂದೇ ಹೇಳಿದ್ದೇನೆ.

ಟಿಬೆಟ್ ಎಲ್ಲಿ, ಮೈಸೂರು ಎಲ್ಲಿ? ಅವರು ಇಷ್ಟು ದೂರ ಬಂದದ್ದು ಹೇಗೆ?

1959ರ ಮಾರ್ಚ್ 10ರಂದು ಲಾಸಾದಲ್ಲಿ ಚೀನಾದ ಆಡಳಿತದ ವಿರುದ್ಧ ಜನ ಬೀದಿಗಿಳಿದರು. ಒಂದು ವಾರದ ಬಳಿಕ ದಲೈ ಲಾಮಾ ರಾತ್ರಿಯಲ್ಲಿ ಅರಮನೆ ಬಿಟ್ಟು ಹೊರಟು, ಮಾರ್ಚ್ 31ರಂದು ತವಾಂಗ್ ಕಡೆಯಿಂದ ಭಾರತದ ಗಡಿ ದಾಟಿದರು. ಅವರ ಹಿಂದೆ ಸುಮಾರು 80,000 ಜನ ಬಂದರು. ಅಸ್ಸಾಮಿನ ಮಿಸಾಮಾರಿಯಲ್ಲಿ ಬಿದಿರಿನ ಗುಡಿಸಲುಗಳ ಶಿಬಿರ ಎದ್ದಿತು. ಭಿಕ್ಷುಗಳಲ್ಲಿ ಅನೇಕರನ್ನು ಪಶ್ಚಿಮ ಬಂಗಾಳದ ಬಕ್ಸಾದಲ್ಲಿದ್ದ ಬ್ರಿಟಿಷರ ಕಾಲದ ಬಂದೀಖಾನೆಯಲ್ಲಿ ಇರಿಸಲಾಯಿತು. ತಣ್ಣನೆಯ ಎತ್ತರದ ನಾಡಿನಿಂದ ಬಂದವರಿಗೆ ಬಯಲಿನ ಸೆಕೆ, ನೀರು, ರೋಗ ಯಾವುದೂ ಒಗ್ಗಲಿಲ್ಲ. ತುಂಬಾ ಮಂದಿ ಸತ್ತರು. ಬದುಕಿದವರಲ್ಲಿ ಸಾವಿರಾರು ಜನ ಹಿಮಾಲಯದ ರಸ್ತೆ ಕಾಮಗಾರಿಗಳಲ್ಲಿ ಕಲ್ಲು ಒಡೆಯುವ ಕೂಲಿಗಳಾದರು.

ರಸ್ತೆ ಕೂಲಿಯಲ್ಲೇ ಚದುರಿಹೋದರೆ ಒಂದು ಸಮುದಾಯವೇ ಕರಗಿಹೋಗುತ್ತದೆ ಎಂಬುದು ಪ್ರಧಾನಿ ನೆಹರೂ ಅವರಿಗೂ ದಲೈ ಲಾಮಾ ಅವರಿಗೂ ಬೇಗ ಅರ್ಥವಾಯಿತು. ಜಮೀನು ಕೊಡಬಲ್ಲಿರಾ ಎಂದು ಕೇಂದ್ರವು ರಾಜ್ಯಗಳನ್ನು ಕೇಳಿತು. ಅತ್ಯಂತ ಉದಾರವಾಗಿ ಸ್ಪಂದಿಸಿದ್ದು ಅಂದಿನ ಮೈಸೂರು ರಾಜ್ಯ. ದಲೈ ಲಾಮಾ ಇದಕ್ಕಾಗಿ ಎಸ್. ನಿಜಲಿಂಗಪ್ಪನವರನ್ನು ಸಾರ್ವಜನಿಕವಾಗಿ ಅನೇಕ ಸಲ ನೆನೆದಿದ್ದಾರೆ. 1960ರ ಕೊನೆಗೆ ಮೊದಲ ತಂಡಗಳು ಬೈಲಕುಪ್ಪೆಗೆ ಬಂದಿಳಿದಾಗ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ. 1962ರಲ್ಲಿ ಮತ್ತೆ ಅಧಿಕಾರಕ್ಕೆ ಬಂದ ನಿಜಲಿಂಗಪ್ಪನವರ ಅವಧಿಯಲ್ಲಿ ಮುಂಡಗೋಡಕ್ಕೂ ಜಾಗ ಸಿಕ್ಕಿತು. ಪಕ್ಷದೊಳಗಿನ ಪೈಪೋಟಿ ಏನೇ ಇದ್ದರೂ ಈ ವಿಷಯದಲ್ಲಿ ಒಂದು ಸರ್ಕಾರ ಕೊಟ್ಟ ಮಾತನ್ನು ಮುಂದಿನ ಸರ್ಕಾರ ಉಳಿಸಿಕೊಂಡಿತು.

ಕರ್ನಾಟಕದಲ್ಲಿ ಎಷ್ಟು ವಸಾಹತುಗಳಿವೆ?

ಐದು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಎರಡು: 1960ರ ಲುಗ್ಸುಂಗ್ ಸಮ್ಡುಪ್ಲಿಂಗ್ ಮತ್ತು 1969ರ ಡಿಕಿ ಲಾರ್ಸೊ. ಉತ್ತರ ಕನ್ನಡದ ಮುಂಡಗೋಡದಲ್ಲಿ 1966ರ ದೋಗುಲಿಂಗ್. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ರಬ್ಗ್ಯೆಲಿಂಗ್, ಚಾಮರಾಜನಗರ ಜಿಲ್ಲೆಯ ಒಡೆಯರಪಾಳ್ಯದಲ್ಲಿ ಧೊಂಡೆನ್‌ಲಿಂಗ್. ಇವೆರಡೂ 1970ರ ದಶಕದ ಆರಂಭದವು. ಊರವರ ಬಾಯಲ್ಲಿ ಈ ಹೆಸರುಗಳಿಲ್ಲ. ಕುಶಾಲನಗರದ ಆಟೊ ಚಾಲಕರಿಗೆ ಕ್ಯಾಂಪಿನ ಸಂಖ್ಯೆ ಹೇಳಬೇಕು.

ಟಿಬೆಟ್‌ನ ಮಹಾ ವಿದ್ಯಾಕೇಂದ್ರಗಳಾಗಿದ್ದ ಸೆರಾ, ಡ್ರೆಪುಂಗ್, ಗಾಂದೆನ್ ಮಠಗಳು ಮರುಹುಟ್ಟು ಪಡೆದದ್ದೂ ಇಲ್ಲಿಯೇ. ಸೆರಾ ಬೈಲಕುಪ್ಪೆಯಲ್ಲಿ, ಉಳಿದೆರಡು ಮುಂಡಗೋಡದಲ್ಲಿ. ಪ್ರವಾಸಿಗರು ಚಿನ್ನದ ದೇವಾಲಯ ಎನ್ನುವುದು ನಾಮ್ಡ್ರೊಲಿಂಗ್ ಮಠದ ಆವರಣದಲ್ಲಿರುವ, 1999ರಲ್ಲಿ ಉದ್ಘಾಟನೆಯಾದ ಮಂದಿರವನ್ನು.

ಜಮೀನು ಅವರ ಹೆಸರಿನಲ್ಲಿದೆಯೇ?

ಇಲ್ಲ. ಜಮೀನು ಸರ್ಕಾರದ್ದು, ಅವರದು ಗುತ್ತಿಗೆಯ ಹಕ್ಕು ಮಾತ್ರ. ಬೈಲಕುಪ್ಪೆಯ ಮೊದಲ ವಸಾಹತಿಗೆ 3,000 ಎಕರೆಗೂ ಮಿಕ್ಕಿ, ಮುಂಡಗೋಡಕ್ಕೆ ಸುಮಾರು 4,000 ಎಕರೆ ಗುರುತಿಸಲಾಯಿತು. ಆರಂಭದಲ್ಲಿ ತಲೆಗೊಂದು ಎಕರೆಯಂತೆ ಹಂಚಿಕೆಯಾಯಿತು. ಕೊಟ್ಟದ್ದು ಉಳುಮೆ ಮಾಡಿದ ಹೊಲವಲ್ಲ, ಆನೆ ಓಡಾಡುವ ಕಾಡು. ಮರ ಕಡಿದು, ಬೇರು ಕಿತ್ತು, ರಾತ್ರಿ ಬೆಂಕಿ ಹಾಕಿಕೊಂಡು ಕಾದು, ಮುಸುಕಿನ ಜೋಳ ಬೆಳೆಯಲು ಕಲಿತರು. ಬಾರ್ಲಿ ಮತ್ತು ಯಾಕ್ ಮಾತ್ರ ಗೊತ್ತಿದ್ದವರಿಗೆ ಮುಂಗಾರಿನ ಲೆಕ್ಕ ಹೇಳಿಕೊಟ್ಟವರಲ್ಲಿ ಸುತ್ತಲಿನ ಹಳ್ಳಿಗರೂ ಇದ್ದರು.

ಇಂದು ಗ್ರಾಮೀಣಾಭಿವೃದ್ಧಿ ಕ್ಷೇತ್ರದಲ್ಲಿ ದೊಡ್ಡ ಹೆಸರಾದ ಮೈರಾಡ ಸಂಸ್ಥೆ ಹುಟ್ಟಿದ್ದೇ ಈ ಕೆಲಸಕ್ಕಾಗಿ. 1968ರಲ್ಲಿ ಸ್ಥಾಪನೆಯಾದ ಅದರ ಪೂರ್ಣ ಹೆಸರು ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ. ಟಿಬೆಟನ್ನರ ಪುನರ್ವಸತಿ ಮುಗಿದ ಮೇಲೆ ಅದೇ ಅನುಭವವನ್ನು ಅದು ನಮ್ಮ ಹಳ್ಳಿಗಳ ಸ್ವಸಹಾಯ ಸಂಘಗಳಿಗೆ ಕೊಂಡೊಯ್ದಿತು. ಅತಿಥಿಗಳಿಗಾಗಿ ಮಾಡಿದ ಖರ್ಚು ಮನೆಯವರಿಗೂ ದಕ್ಕಿತು ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಗುತ್ತಿಗೆಯ ಮಾತಿಗೆ ಬಂದರೆ, 2014ರ ಅಕ್ಟೋಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ ಟಿಬೆಟನ್ ಪುನರ್ವಸತಿ ನೀತಿಯು ವಸಾಹತುಗಳ ಜಮೀನನ್ನು 20 ವರ್ಷಗಳ ಅವಧಿಗೆ ಗುತ್ತಿಗೆಗೆ ಕೊಡಬೇಕೆಂದು ರಾಜ್ಯಗಳಿಗೆ ಹೇಳಿತು. ಉದ್ಯೋಗ ಖಾತರಿ, ಪಡಿತರ ಮೊದಲಾದ ಯೋಜನೆಗಳನ್ನು ಅವರಿಗೂ ವಿಸ್ತರಿಸಬೇಕು, ಅರ್ಹತೆ ಇರುವ ಕೆಲಸ ಮಾಡಲು ಮತ್ತು ವ್ಯಾಪಾರದ ಪರವಾನಗಿ ಪಡೆಯಲು ಅಡ್ಡಿ ಇರಬಾರದು ಎಂದೂ ಅದರಲ್ಲಿದೆ. ಒಳ್ಳೆಯ ದಾಖಲೆ. ಆದರೆ ಅದು ಮಾರ್ಗಸೂಚಿ, ಕಾಯ್ದೆಯಲ್ಲ. ಜಾರಿಗೆ ತರಬೇಕಾದವು ರಾಜ್ಯ ಸರ್ಕಾರಗಳು.

ನಮ್ಮ ಭೂರಹಿತರಿಗೆ ಇಲ್ಲದ ಜಮೀನು ಹೊರಗಿನವರಿಗೆ ಏಕೆ?

ಈ ಪ್ರಶ್ನೆಯನ್ನು ದ್ವೇಷದಿಂದ ಕೇಳುವವರೂ ಇದ್ದಾರೆ, ನೋವಿನಿಂದ ಕೇಳುವವರೂ ಇದ್ದಾರೆ. ಎರಡನೆಯವರಿಗೆ ಉತ್ತರ ಕೊಡಬೇಕಾದದ್ದು ನ್ಯಾಯ.

ಗುರುಪುರ ವಸಾಹತು ಇರುವ ಹುಣಸೂರು ತಾಲ್ಲೂಕನ್ನೇ ತೆಗೆದುಕೊಳ್ಳೋಣ. ಅದೇ ತಾಲ್ಲೂಕಿನ ಅಂಚಿನಲ್ಲಿ ನಾಗರಹೊಳೆ ಕಾಡಿದೆ. ಆ ಕಾಡಿನಿಂದ ಹೊರಹಾಕಲ್ಪಟ್ಟ ಜೇನುಕುರುಬರು ಮತ್ತು ಇತರ ಆದಿವಾಸಿಗಳ ಪುನರ್ವಸತಿ ದಶಕಗಳಿಂದ ನೆನೆಗುದಿಗೆ ಬಿದ್ದಿದೆ. ಹೈಕೋರ್ಟ್ ಆದೇಶದಂತೆ ಪ್ರೊ. ಮುಜಾಫರ್ ಅಸ್ಸಾದಿ ನೇತೃತ್ವದ ಸಮಿತಿ ಅಧ್ಯಯನ ನಡೆಸಿ 2014ರಲ್ಲಿ ವರದಿ ಕೊಟ್ಟಿತು. ಸಾವಿರಾರು ಕುಟುಂಬಗಳಿಗೆ ಜಮೀನು, ಮನೆ ಸಲ್ಲಬೇಕು ಎಂದು ಅದು ಹೇಳಿತು. ಅದು ಇನ್ನೂ ಪೂರ್ಣವಾಗಿ ಸಂದಿಲ್ಲ. ಇದು ನಾಚಿಕೆಪಡಬೇಕಾದ ಸಂಗತಿ.

ಆದರೆ ಆದಿವಾಸಿಗಳ ಜಮೀನು ಟಿಬೆಟನ್ನರ ಕೈಯಲ್ಲಿ ಸಿಕ್ಕಿಕೊಂಡಿಲ್ಲ, ಆಡಳಿತದ ಉದಾಸೀನದಲ್ಲಿ ಸಿಕ್ಕಿಕೊಂಡಿದೆ. ಟಿಬೆಟನ್ನರ ವಿಷಯದಲ್ಲಿ ನಮ್ಮ ಸರ್ಕಾರ ಮಾಡಿದ್ದನ್ನು ನೋಡಿ: ಜನರನ್ನು ಚದುರಿಸದೆ ಒಟ್ಟಿಗೆ ಕೂರಿಸಿತು. ಜಮೀನಿನ ಜೊತೆಗೇ ಶಾಲೆ, ಆಸ್ಪತ್ರೆ, ಸಹಕಾರ ಸಂಘ ಬಂದವು. 1961ರಲ್ಲೇ ಟಿಬೆಟನ್ ಮಕ್ಕಳ ಶಾಲೆಗಳಿಗಾಗಿ ಕೇಂದ್ರ ಶಿಕ್ಷಣ ಇಲಾಖೆಯಡಿ ಪ್ರತ್ಯೇಕ ಆಡಳಿತ ಮಂಡಳಿ ಸ್ಥಾಪನೆಯಾಯಿತು. ವಸಾಹತಿನ ಒಳಗಿನ ವ್ಯವಹಾರವನ್ನು ಅವರದೇ ಅಧಿಕಾರಿಗಳಿಗೆ ಬಿಟ್ಟಿತು. ಹೀಗೆ ಮಾಡಿದರೆ ಕಾಡಿನಂಚಿನ ಬರಿಗೈಯ ಜನ ಒಂದು ತಲೆಮಾರಿನಲ್ಲಿ ಎದ್ದು ನಿಲ್ಲುತ್ತಾರೆ ಎಂಬುದಕ್ಕೆ ಸಾಕ್ಷಿ ಅದೇ ತಾಲ್ಲೂಕಿನಲ್ಲಿದೆ. ಕೇಳಬೇಕಾದದ್ದು ‘ಅವರಿಗೇಕೆ ಕೊಟ್ಟಿರಿ’ ಎಂದಲ್ಲ, ‘ಅವರಿಗೆ ಮಾಡಿದಂತೆ ಇವರಿಗೇಕೆ ಮಾಡಲಿಲ್ಲ’ ಎಂದು.

ಭಾರತದಲ್ಲಿ ನಿರಾಶ್ರಿತರಿಗೆಂದೇ ಕಾನೂನು ಇದೆಯೇ?

ಇಲ್ಲ. 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕಾಗಲಿ, ಅದರ 1967ರ ಪೂರಕ ಒಪ್ಪಂದಕ್ಕಾಗಲಿ ಭಾರತ ಸಹಿ ಹಾಕಿಲ್ಲ. ದೇಶದೊಳಗೂ ‘ನಿರಾಶ್ರಿತ’ ಯಾರು, ಅವರಿಗೆ ಯಾವ ಹಕ್ಕು ಎಂದು ಹೇಳುವ ಕಾಯ್ದೆ ಇಲ್ಲ. ಕಾನೂನಿನ ಕಣ್ಣಿಗೆ ಎಲ್ಲರೂ ವಿದೇಶಿಯರೇ. ವಿಮಾನದಲ್ಲಿ ವೀಸಾ ಹಿಡಿದು ಬಂದ ಪ್ರವಾಸಿಗೂ, ಹಿಮದಲ್ಲಿ ಕಾಲು ಕೊಳೆತು ಬಂದ ಹುಡುಗನಿಗೂ ಬಹುಕಾಲ ಅನ್ವಯವಾದದ್ದು ಒಂದೇ 1946ರ ವಿದೇಶಿಯರ ಕಾಯ್ದೆ. ಅದನ್ನೂ ಜೊತೆಗಿನ ಇತರ ಮೂರು ಹಳೆಯ ಕಾಯ್ದೆಗಳನ್ನೂ ರದ್ದುಪಡಿಸಿದ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಅದರಲ್ಲೂ ನಿರಾಶ್ರಿತ ಎಂಬ ವರ್ಗವಿಲ್ಲ. ಅದರೊಂದಿಗೆ ಹೊರಬಿದ್ದ ವಿನಾಯಿತಿ ಆದೇಶದಲ್ಲಿ ನೋಂದಾಯಿತ ಟಿಬೆಟನ್ನರಿಗೂ, 2015ರ ಜನವರಿ 9ರವರೆಗೆ ಆಶ್ರಯ ಪಡೆದ ನೋಂದಾಯಿತ ಶ್ರೀಲಂಕಾ ತಮಿಳರಿಗೂ ಕೆಲವು ನಿಯಮಗಳಿಂದ ರಿಯಾಯಿತಿ ಸಿಕ್ಕಿದೆ.

ಸಂವಿಧಾನ ಮಾತ್ರ ಒಂದು ಗಟ್ಟಿ ಆಸರೆ. ಬದುಕುವ ಹಕ್ಕನ್ನು ಹೇಳುವ 21ನೇ ವಿಧಿ ಮಾತಾಡುವುದು ವ್ಯಕ್ತಿಯ ಬಗ್ಗೆ, ನಾಗರಿಕನ ಬಗ್ಗೆಯಲ್ಲ. ಅರುಣಾಚಲ ಪ್ರದೇಶದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿದು, ಅವರ ಜೀವ ಕಾಪಾಡುವುದು ರಾಜ್ಯದ ಹೊಣೆ ಎಂದಿತು.

ಆರ್‌ಸಿ, ಐಸಿ ಎಂದರೇನು?

ಆರ್‌ಸಿ ಎಂದರೆ ವಿದೇಶಿಯರ ನೋಂದಣಿ ಪ್ರಮಾಣಪತ್ರ. ವಯಸ್ಸಿಗೆ ಬಂದ ಪ್ರತಿಯೊಬ್ಬ ಟಿಬೆಟನ್ ಬಳಿಯೂ ಇರಬೇಕಾದ ಕಾಗದ ಇದು. ಶಾಲೆ, ಬ್ಯಾಂಕ್ ಖಾತೆ, ಸಿಮ್ ಕಾರ್ಡ್, ಬಾಡಿಗೆ ಮನೆ ಎಲ್ಲದಕ್ಕೂ ಮೊದಲು ಕೇಳುವುದು ಇದನ್ನೇ. ಇದನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. ಹಿಂದೆ ವರ್ಷಕ್ಕೊಮ್ಮೆ ಪೊಲೀಸ್ ಕಚೇರಿಯ ಮುಂದೆ ಸಾಲು ನಿಲ್ಲಬೇಕಿತ್ತು. ದೀರ್ಘಕಾಲದಿಂದ ಇಲ್ಲಿರುವವರಿಗೆ ಈಗ ಐದು ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕು. ಇದು ದೊಡ್ಡ ನೆಮ್ಮದಿ.

ಐಸಿ ಎಂದರೆ ಗುರುತಿನ ಪ್ರಮಾಣಪತ್ರ, ಹಳದಿ ರಕ್ಷಾಪುಟದ ಪುಸ್ತಕ. ಪಾಸ್‌ಪೋರ್ಟ್ ಇಲ್ಲದವರು ವಿದೇಶಕ್ಕೆ ಹೋಗಿಬರಲು ವಿದೇಶಾಂಗ ಸಚಿವಾಲಯ ಕೊಡುವಂಥದ್ದು. ಬೇರೆ ದೇಶಗಳ ವಿಮಾನ ನಿಲ್ದಾಣಗಳಲ್ಲಿ ಅಧಿಕಾರಿಗಳಿಗೆ ಇದು ಪಾಸ್‌ಪೋರ್ಟ್‌ನಷ್ಟು ಪರಿಚಿತವಲ್ಲ. ಹೊರಡುವ ಮುನ್ನ ನಿರ್ಗಮನ ಅನುಮತಿ, ಮರಳಿ ಬರಲು ಆಕ್ಷೇಪಣೆ ಇಲ್ಲವೆಂಬ ಮೊಹರು, ಎಲ್ಲವನ್ನೂ ಸರಿಯಾಗಿ ಹೊಂದಿಸಿಕೊಳ್ಳಬೇಕು. ಮೈಸೂರು ಜಿಲ್ಲೆಯಲ್ಲಿ ಹುಟ್ಟಿ, ಅಲ್ಲೇ ಓದಿ ಬೆಳೆದವರು ಊರಿಗೆ ವಾಪಸಾಗಲು ಅನುಮತಿ ಬೇಡಬೇಕಾದ ಸ್ಥಿತಿ ಇದು.

‘ಸುರಕ್ಷಿತ ಕಾನೂನುಬದ್ಧ ದಾರಿ’ ಎಂದರೆ ಏನು? ಟಿಬೆಟ್‌ನಿಂದ ಬರಲು ಅಂಥ ದಾರಿ ಇದೆಯೇ?

ಅಪಾಯದಲ್ಲಿರುವ ವ್ಯಕ್ತಿ ಕಳ್ಳಸಾಗಣೆದಾರರಿಗೆ ಹಣ ತೆತ್ತು, ಪ್ರಾಣ ಪಣಕ್ಕಿಟ್ಟು ಗಡಿ ದಾಟುವ ಬದಲು, ಸರ್ಕಾರಗಳೇ ತೆರೆದಿಟ್ಟ ಬಾಗಿಲಿನಿಂದ ಬರುವುದಕ್ಕೆ ಹಾಗೆನ್ನುತ್ತಾರೆ. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಮೂಲಕ ಮೂರನೆಯ ದೇಶಕ್ಕೆ ಪುನರ್ವಸತಿ, ನಾಗರಿಕರ ಗುಂಪುಗಳ ಪ್ರಾಯೋಜಕತ್ವ, ಕುಟುಂಬ ಸೇರುವ ವೀಸಾ, ಓದಿನ ವೀಸಾ, ಇವೆಲ್ಲ ಅದರ ಬಗೆಗಳು. ಜಗತ್ತಿನ ನಿರಾಶ್ರಿತರಲ್ಲಿ ವರ್ಷಕ್ಕೆ ಶೇ 1ಕ್ಕಿಂತ ಕಡಿಮೆ ಮಂದಿಗೆ ಮಾತ್ರ ಮೂರನೆಯ ದೇಶದ ಪುನರ್ವಸತಿ ಸಿಗುತ್ತದೆ.

ಟಿಬೆಟನ್ನರ ವಿಷಯದಲ್ಲಿ ಇದ್ದ ದಾರಿ ನೇಪಾಳದ ಮೂಲಕ. 1989ರ ನಂತರ ಬಂದ ಟಿಬೆಟನ್ನರಿಗೆ ನೇಪಾಳ ನಿರಾಶ್ರಿತರ ಸ್ಥಾನ ಕೊಡುವುದನ್ನು ನಿಲ್ಲಿಸಿತು. ಆದರೆ ಗಡಿ ದಾಟಿ ಬಂದವರನ್ನು ಹಿಂದಕ್ಕೆ ಅಟ್ಟದೆ ಭಾರತಕ್ಕೆ ಹೋಗಲು ಬಿಡುವುದಾಗಿ ವಿಶ್ವಸಂಸ್ಥೆಯ ಕಚೇರಿಯೊಂದಿಗೆ ಬಾಯಿಮಾತಿನ ಒಡಂಬಡಿಕೆ ಮಾಡಿಕೊಂಡಿತು. ಕಠ್ಮಂಡುವಿನ ಸ್ವಾಗತ ಕೇಂದ್ರದಲ್ಲಿ ಅವರ ಹೆಸರು ಬರೆದುಕೊಂಡು, ಊಟ, ಔಷಧಿ ಕೊಟ್ಟು, ಮುಂದೆ ದೆಹಲಿಗೆ, ಧರ್ಮಶಾಲೆಗೆ ಕಳುಹಿಸುತ್ತಿದ್ದರು.

ಬಾಯಿಮಾತು ಎಷ್ಟು ದುರ್ಬಲ ಎಂಬುದು 2003ರ ಮೇ 31ರಂದು ಗೊತ್ತಾಯಿತು. ಅಂದು ನೇಪಾಳವು 18 ಟಿಬೆಟನ್ನರನ್ನು ಚೀನಾದ ಅಧಿಕಾರಿಗಳಿಗೆ ಒಪ್ಪಿಸಿತು. ಅದೇ ವರ್ಷದಿಂದ ಕಠ್ಮಂಡುವಿನ ಭಾರತೀಯ ರಾಯಭಾರ ಕಚೇರಿ ವಿಶೇಷ ಪ್ರವೇಶ ಪರವಾನಗಿ ಕೊಡುವ ಪದ್ಧತಿ ಬಂತು. ಅದರಲ್ಲಿ ಮೂರು ಬಗೆ: ಯಾತ್ರೆ, ಶಿಕ್ಷಣ ಮತ್ತು ‘ಇತರೆ’. ಯಾತ್ರೆಯ ಪರವಾನಗಿಯಲ್ಲಿ ಬಂದವರು ಕೆಲವು ತಿಂಗಳು ಇದ್ದು ಮರಳಬೇಕು. ಉಳಿದೆರಡರಲ್ಲಿ ಬಂದವರು ಇಲ್ಲಿ ಆರ್‌ಸಿ ಪಡೆಯಬಹುದಿತ್ತು. ಕಠ್ಮಂಡುವಿನಲ್ಲಿ ಯಾವ ಖಾನೆಗೆ ಗುರುತು ಬಿತ್ತು ಎಂಬುದರ ಮೇಲೆ ಒಬ್ಬರ ಇಡೀ ಬದುಕು ನಿಂತಿರುತ್ತಿತ್ತು.

ಈ ದಾರಿ ಕಾನೂನುಬದ್ಧವಾಗಿದ್ದದ್ದು ಕಠ್ಮಂಡುವಿನಿಂದ ಈಚೆಗೆ ಮಾತ್ರ. ಆಚೆಗಿದ್ದದ್ದು ಹಿಮಾಲಯ. ಸುಮಾರು 5,700 ಮೀಟರ್ ಎತ್ತರದ ನಾಂಗ್ಪಾ ಲಾ ಕಣಿವೆಮಾರ್ಗವನ್ನು ಚಳಿಗಾಲದಲ್ಲಿ, ಗಡಿಕಾವಲು ಸಡಿಲ ಇರುವಾಗ, ರಾತ್ರಿ ನಡೆದು ದಾಟುತ್ತಿದ್ದರು. ಹೆತ್ತವರು ಏಳೆಂಟು ವರ್ಷದ ಮಕ್ಕಳನ್ನು ದಾರಿತೋರುಗನ ಕೈಗೊಪ್ಪಿಸಿ, ಭಾರತದಲ್ಲಿ ಓದಲಿ ಎಂದು ಕಳುಹಿಸಿದ ಉದಾಹರಣೆಗಳು ಅಸಂಖ್ಯ. 2006ರ ಸೆಪ್ಟೆಂಬರ್ 30ರಂದು ಅಲ್ಲಿ ದಾಟುತ್ತಿದ್ದ ಗುಂಪಿನ ಮೇಲೆ ಚೀನಾದ ಗಡಿ ಪಡೆ ಗುಂಡು ಹಾರಿಸಿತು. ಹದಿಹರೆಯದ ಭಿಕ್ಷುಣಿಯೊಬ್ಬಳು ಹಿಮದ ಮೇಲೆ ಬಿದ್ದು ಸತ್ತಳು. ಚೋ ಓಯು ಶಿಖರ ಹತ್ತಲು ಬಂದಿದ್ದ ಪರ್ವತಾರೋಹಿಗಳ ಕ್ಯಾಮೆರಾದಲ್ಲಿ ಅದು ಸೆರೆಯಾದ್ದರಿಂದ ಜಗತ್ತಿಗೆ ತಿಳಿಯಿತು.

2008ರ ಲಾಸಾ ಪ್ರತಿಭಟನೆಗಳ ಬಳಿಕ ಚೀನಾ ಗಡಿಯನ್ನು ಬಿಗಿಮಾಡಿತು. ಅದಕ್ಕೆ ಮುನ್ನ ವರ್ಷಕ್ಕೆ ಎರಡು ಮೂರು ಸಾವಿರ ಮಂದಿ ಬರುತ್ತಿದ್ದರು. ಈಚಿನ ವರ್ಷಗಳಲ್ಲಿ ನೂರನ್ನೂ ಮುಟ್ಟುತ್ತಿಲ್ಲ. ಬರುವವರು ಕಡಿಮೆಯಾದರೆಂದರೆ ಅಲ್ಲಿ ನೆಮ್ಮದಿ ಹೆಚ್ಚಾಯಿತು ಎಂದು ತಿಳಿಯಬಾರದು. ದಾರಿ ಮುಚ್ಚಿದೆ, ಅಷ್ಟೇ. ಬೈಲಕುಪ್ಪೆಯಲ್ಲಿ ನಡುವಯಸ್ಸು ತಲುಪಿದ ಅನೇಕರು ಚಿಕ್ಕಂದಿನಲ್ಲಿ ಬಿಟ್ಟುಬಂದ ತಾಯಿಯ ಮುಖವನ್ನು ಮೊಬೈಲ್‌ನಲ್ಲಿ ಮಾತ್ರ ಕಂಡಿದ್ದಾರೆ. ಅದೂ ಕರೆ ಮಾಡಿದ್ದಕ್ಕೆ ಅಲ್ಲಿಯವರಿಗೆ ತೊಂದರೆಯಾದೀತು ಎಂಬ ಅಂಜಿಕೆಯಲ್ಲಿ.

ಇಲ್ಲೇ ಹುಟ್ಟಿದವರು ಭಾರತೀಯರಲ್ಲವೇ?

ಹುಟ್ಟಿದ ದಿನಾಂಕ ನೋಡಬೇಕು. 1955ರ ಪೌರತ್ವ ಕಾಯ್ದೆಯ 3ನೇ ಕಲಂ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುನ್ನ ಭಾರತದ ನೆಲದಲ್ಲಿ ಹುಟ್ಟಿದವರು, ತಂದೆತಾಯಿ ಯಾರೇ ಆಗಿರಲಿ, ಹುಟ್ಟಿನಿಂದಲೇ ಭಾರತೀಯರು. ಅರ್ಜಿಯ ಮಾತೇ ಇಲ್ಲ, ಯಾರ ಕೃಪೆಯೂ ಬೇಕಿಲ್ಲ.

ಕಾಯ್ದೆ ಹೀಗಿದ್ದರೂ ದಶಕಗಳ ಕಾಲ ಅಧಿಕಾರಿಗಳು ಇದನ್ನು ಒಪ್ಪಲಿಲ್ಲ. ಆರ್‌ಸಿ ಪಡೆದಿದ್ದೀರಿ, ಅಂದರೆ ನೀವೇ ವಿದೇಶಿಯರೆಂದು ಒಪ್ಪಿಕೊಂಡಂತೆ ಎಂಬುದು ಅವರ ವಾದ. 1986ರಲ್ಲಿ ಹುಟ್ಟಿದ ಟಿಬೆಟನ್ ಯುವತಿಯೊಬ್ಬರು ಪಾಸ್‌ಪೋರ್ಟ್ ನಿರಾಕರಣೆಯನ್ನು ಪ್ರಶ್ನಿಸಿದಾಗ ದೆಹಲಿ ಹೈಕೋರ್ಟ್ 2010ರ ಡಿಸೆಂಬರ್‌ನಲ್ಲಿ ಆ ವಾದವನ್ನು ತಳ್ಳಿಹಾಕಿತು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಇದನ್ನೇ ಹೇಳಿತು. 2014ರ ಆರಂಭದಲ್ಲಿ ಚುನಾವಣಾ ಆಯೋಗವು ಇಂಥವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. 2016ರಲ್ಲಿ ದೆಹಲಿ ಹೈಕೋರ್ಟ್ ಮತ್ತೊಮ್ಮೆ ಖಡಕ್ಕಾಗಿ ತೀರ್ಪು ಕೊಟ್ಟ ಮೇಲೆ, 2017ರಲ್ಲಿ ವಿದೇಶಾಂಗ ಸಚಿವಾಲಯ ಪಾಸ್‌ಪೋರ್ಟ್ ಕಚೇರಿಗಳಿಗೆ ನಿರ್ದೇಶನ ನೀಡಿತು.

ಕೆಲವೇ ತಿಂಗಳಲ್ಲಿ ಷರತ್ತುಗಳು ಬಂದವು: ಆರ್‌ಸಿ, ಐಸಿ ಹಿಂತಿರುಗಿಸಬೇಕು, ಗೊತ್ತುಪಡಿಸಿದ ವಸಾಹತಿನಲ್ಲಿ ವಾಸ ಇರಬಾರದು, ಟಿಬೆಟನ್ ಆಡಳಿತದ (ಧರ್ಮಶಾಲೆಯಿಂದ ನಡೆಯುವ, ನಿರಾಶ್ರಿತ ಟಿಬೆಟನ್ನರದೇ ಆಡಳಿತ) ಸವಲತ್ತು ಪಡೆಯಬಾರದು. ಒಂದು ಕೈಯಲ್ಲಿ ಪಾಸ್‌ಪೋರ್ಟ್ ಕೊಟ್ಟು ಇನ್ನೊಂದರಲ್ಲಿ ಮನೆ ಕಿತ್ತುಕೊಂಡಂತಾಯಿತು. ತಂದೆ ಕಾಡು ಕಡಿದು ಮಾಡಿದ ಹೊಲ, ಅಜ್ಜಿ ಪ್ರಾಣ ಬಿಟ್ಟ ಮನೆ, ಮಕ್ಕಳ ಶಾಲೆ ಎಲ್ಲ ಇರುವುದು ವಸಾಹತಿನಲ್ಲಿ. ಹೀಗಾಗಿ ಅರ್ಹರಲ್ಲಿ ಬಹಳಷ್ಟು ಜನ ಅರ್ಜಿಯನ್ನೇ ಹಾಕಿಲ್ಲ. ಹುಟ್ಟಿನಿಂದ ಬಂದ ಪೌರತ್ವಕ್ಕೆ ಮನೆ ಬಿಡುವ ಷರತ್ತು ಹಾಕುವುದು ತಪ್ಪು ಎಂದೇ ನನ್ನ ನಿಲುವು.

1987ರ ಜುಲೈ 1ರಿಂದ 2004ರ ಡಿಸೆಂಬರ್ 3ಕ್ಕೆ ಮುನ್ನ ಹುಟ್ಟಿದವರಿಗೆ ತಂದೆ ಅಥವಾ ತಾಯಿ ಭಾರತೀಯರಾಗಿರಬೇಕು. 1970ರಲ್ಲಿ ಮುಂಡಗೋಡದಲ್ಲಿ ಹುಟ್ಟಿದ ತಾಯಿ ಕಾನೂನಿನಂತೆ ಭಾರತೀಯಳು. ಹಾಗಿದ್ದರೆ 1995ರಲ್ಲಿ ಇಲ್ಲೇ ಹುಟ್ಟಿದ ಅವಳ ಮಗನೂ ಭಾರತೀಯನೇ. 2004ರ ನಂತರ ಹುಟ್ಟಿದವರಿಗೆ ಒಬ್ಬ ಪೋಷಕರು ಭಾರತೀಯರಾಗಿದ್ದು, ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು ಎಂಬ ನಿಯಮವಿದೆ.

ಅವರಿಗೆ ಪೌರತ್ವ ಬೇಕೇ?

ಒಂದೇ ಉತ್ತರವಿಲ್ಲ. ಭಾರತದ ಪೌರತ್ವ ಪಡೆದರೆ ಟಿಬೆಟ್‌ನ ಹೋರಾಟ ಸಡಿಲವಾಗುತ್ತದೆ, ಮರಳುವ ಆಸೆಯನ್ನೇ ಬಿಟ್ಟಂತಾಗುತ್ತದೆ ಎಂದು ನಂಬಿರುವ ಹಿರಿಯರಿದ್ದಾರೆ. ಬ್ಯಾಂಕ್ ಸಾಲ, ಸರ್ಕಾರಿ ನೌಕರಿ, ವಿದೇಶದ ಓದು ಎದುರಿಗಿರುವ ಮಕ್ಕಳು ಬೇರೆ ಯೋಚಿಸುತ್ತಾರೆ. ಈ ಚರ್ಚೆಯನ್ನು ಅವರ ಮನೆಯೊಳಗೇ ನಡೆಯಲು ಬಿಡೋಣ. ಕಾನೂನು ಕೊಟ್ಟ ಆಯ್ಕೆ ನಿಜವಾದ ಆಯ್ಕೆಯಾಗಿರುವಂತೆ ನೋಡಿಕೊಳ್ಳುವುದಷ್ಟೇ ನಮ್ಮ ಸರ್ಕಾರದ ಹೊಣೆ.

ಪೌರತ್ವ ತಿದ್ದುಪಡಿ ಕಾಯ್ದೆಯಿಂದ ಬೌದ್ಧರಾದ ಇವರಿಗೆ ಅನುಕೂಲವಾಗುತ್ತದೆಯೇ?

ಆಗುವುದಿಲ್ಲ. 2019ರ ಆ ಕಾಯ್ದೆ ಬೌದ್ಧರನ್ನು ಹೆಸರಿಸಿದೆ, ನಿಜ. ಆದರೆ ಪಾಕಿಸ್ತಾನ, ಬಾಂಗ್ಲಾದೇಶ ಮತ್ತು ಅಫ್ಗಾನಿಸ್ತಾನದಿಂದ 2014ರ ಡಿಸೆಂಬರ್ 31ರೊಳಗೆ ಬಂದವರಿಗೆ ಮಾತ್ರ ಅದು ಅನ್ವಯ. ಟಿಬೆಟ್ ಆ ಪಟ್ಟಿಯಲ್ಲಿಲ್ಲ. ಶ್ರೀಲಂಕಾದ ತಮಿಳರೂ ಇಲ್ಲ.

ಇಲ್ಲಿಂದ ಬೇರೆ ದೇಶಗಳಿಗೆ ಪುನರ್ವಸತಿ ಸಿಕ್ಕಿದೆಯೇ?

ಸಿಕ್ಕಿದೆ, ಸಣ್ಣ ಪ್ರಮಾಣದಲ್ಲಿ. ಮೊದಲು ಮುಂದೆ ಬಂದ ದೇಶಗಳಲ್ಲಿ ಸ್ವಿಟ್ಜರ್ಲೆಂಡ್ ಒಂದು. 1963ರಲ್ಲಿ ಅಲ್ಲಿನ ಸರ್ಕಾರ 1,000 ಟಿಬೆಟನ್ನರಿಗೆ ಜಾಗ ಕೊಡಲು ಒಪ್ಪಿತು. ಅಮೆರಿಕವು 1990ರ ವಲಸೆ ಕಾಯ್ದೆಯಲ್ಲಿ ಭಾರತ ಮತ್ತು ನೇಪಾಳದಲ್ಲಿದ್ದ 1,000 ಟಿಬೆಟನ್ನರಿಗೆ ವೀಸಾ ಮೀಸಲಿಟ್ಟಿತು. ಕೆನಡಾ ಅರುಣಾಚಲ ಪ್ರದೇಶದಲ್ಲಿದ್ದ 1,000 ಜನರನ್ನು ಸ್ವೀಕರಿಸುವುದಾಗಿ ಘೋಷಿಸಿ, 2013ರಿಂದ ಹಂತ ಹಂತವಾಗಿ ಕರೆಸಿಕೊಂಡಿತು. ಕೆನಡಾದ ಮಾದರಿ ಗಮನಿಸಬೇಕಾದದ್ದು. ಅಲ್ಲಿ ಹೊಸಬರ ಮನೆ, ಮೊದಲ ವರ್ಷದ ಖರ್ಚು, ಕೆಲಸ ಹುಡುಕುವ ಹೊಣೆಯನ್ನು ನಾಗರಿಕರ ಗುಂಪುಗಳು ಹೊರುತ್ತವೆ.

ಈಗ ಕಾಲ ಬದಲಾಗಿದೆ. ಅಮೆರಿಕ 2025ರ ಜನವರಿಯಲ್ಲಿ ನಿರಾಶ್ರಿತರ ಪುನರ್ವಸತಿ ಕಾರ್ಯಕ್ರಮವನ್ನೇ ತಡೆಹಿಡಿಯಿತು. ಮುಂದಿನ ಹಣಕಾಸು ವರ್ಷಕ್ಕೆ ನಿಗದಿ ಮಾಡಿದ ಮಿತಿ ಇಡೀ ಜಗತ್ತಿಗೆ 7,500. ನಾಲ್ಕು ಸಾವಿರ ಎಕರೆಯನ್ನು ಮುಂಡಗೋಡವೊಂದರಲ್ಲೇ ಕೊಟ್ಟ ರಾಜ್ಯದವರಾಗಿ ಈ ಸಂಖ್ಯೆಯನ್ನು ಓದುವಾಗ ಬೇಸರವಾಗುತ್ತದೆ.

ಎಲ್ಲ ನಿರಾಶ್ರಿತರನ್ನೂ ಭಾರತ ಹೀಗೆಯೇ ನೋಡಿಕೊಳ್ಳುತ್ತದೆಯೇ?

ಇಲ್ಲ. ಟಿಬೆಟನ್ನರ ಮತ್ತು ಶ್ರೀಲಂಕಾ ತಮಿಳರ ನೋಂದಣಿ, ನೆರವು ಎಲ್ಲವನ್ನೂ ಸರ್ಕಾರವೇ ನೇರವಾಗಿ ನಿರ್ವಹಿಸುತ್ತದೆ. ಅಫ್ಗಾನಿಸ್ತಾನ, ಮ್ಯಾನ್ಮಾರ್, ಸೊಮಾಲಿಯಾದಿಂದ ಬಂದವರು ವಿಶ್ವಸಂಸ್ಥೆಯ ಕಚೇರಿಯ ಕಾರ್ಡ್ ಹಿಡಿದು ಬದುಕುತ್ತಾರೆ. ಆ ಕಾರ್ಡ್‌ಗೆ ನಮ್ಮ ಕಾನೂನಿನಲ್ಲಿ ಗಟ್ಟಿ ಸ್ಥಾನವಿಲ್ಲ. ರೋಹಿಂಗ್ಯಾಗಳ ಸ್ಥಿತಿ ಇನ್ನೂ ಕಷ್ಟ. ಜಮ್ಮುವಿನಲ್ಲಿ ಬಂಧನದಲ್ಲಿದ್ದವರನ್ನು ನಿಯಮಾನುಸಾರ ಗಡೀಪಾರು ಮಾಡಬಹುದು ಎಂದು 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಒಂದೇ ಬಗೆಯ ಸಂಕಟಕ್ಕೆ ಮೂರು ಬಗೆಯ ಉತ್ತರ. ವ್ಯಕ್ತಿ ಎದುರಿಸುವ ಅಪಾಯಕ್ಕಿಂತ ಅವರು ಯಾವ ದೇಶದಿಂದ, ಯಾವ ಕಾಲದಲ್ಲಿ ಬಂದರು ಎಂಬುದೇ ಮುಖ್ಯವಾಗಿದೆ. ಟಿಬೆಟನ್ನರ ಒಳಗೂ ಈ ಭೇದವಿದೆ. 1960ರ ದಶಕದಲ್ಲಿ ಬಂದವರಿಗೆ ಜಮೀನು ಸಿಕ್ಕಿತು. 1980ರ ನಂತರ ಬಂದವರಿಗೆ ಜಮೀನೂ ಇಲ್ಲ, ಅನೇಕರಿಗೆ ಬಹುಕಾಲ ಆರ್‌ಸಿಯೂ ಸಿಗಲಿಲ್ಲ.

ಕರ್ನಾಟಕಕ್ಕೆ ಬೇರೆ ನಿರಾಶ್ರಿತರು ಬಂದಿದ್ದಾರೆಯೇ?

ಬಂದಿದ್ದಾರೆ. ರಾಯಚೂರು ಜಿಲ್ಲೆಯ ಸಿಂಧನೂರಿನ ಪುನರ್ವಸತಿ ಕ್ಯಾಂಪ್‌ಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳು ನೆಲೆಸಿದ್ದಾರೆ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಡಿ ಸಿಲೋನಿನಿಂದ ಮರಳಿದ ತಮಿಳು ತೋಟ ಕಾರ್ಮಿಕರಿಗೆ ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಕೊಡಲಾಯಿತು. ಇವರ ಕಥೆಗಳಿಗೆ ಬೇರೆಯೇ ಬರಹ ಬೇಕು.

ಸರ್ಕಾರ ಈಗಲೂ ಹಣ ಕೊಡುತ್ತಿದೆಯೇ?

2015ರಲ್ಲಿ ಕೇಂದ್ರ ಸರ್ಕಾರ ವಸಾಹತುಗಳ ಆಡಳಿತ ಮತ್ತು ಸಾಮಾಜಿಕ ಕಲ್ಯಾಣದ ಖರ್ಚಿಗೆಂದು ಐದು ವರ್ಷಕ್ಕೆ ₹40 ಕೋಟಿ ಮಂಜೂರು ಮಾಡಿತು, ನಂತರ ಅದನ್ನು ಮತ್ತೆ ಐದು ವರ್ಷ ಮುಂದುವರಿಸಿತು. ದೇಶದ ಎಲ್ಲ ವಸಾಹತುಗಳಿಗೆ ಸೇರಿ ವರ್ಷಕ್ಕೆ ₹8 ಕೋಟಿ. ಹೆಚ್ಚಿನ ಕುಟುಂಬಗಳು ಬದುಕುವುದು ಬೇಸಾಯ, ಅಂಗಡಿ, ಚಳಿಗಾಲದಲ್ಲಿ ಊರೂರು ಸುತ್ತಿ ಮಾಡುವ ಸ್ವೆಟರ್ ವ್ಯಾಪಾರ ಮತ್ತು ವಿದೇಶದಲ್ಲಿರುವ ಮಕ್ಕಳು ಕಳುಹಿಸುವ ಹಣದಿಂದ.

ವಸಾಹತುಗಳು ಖಾಲಿಯಾಗುತ್ತಿವೆ ಎನ್ನುತ್ತಾರಲ್ಲ?

ಅದು ನಿಜ. 2009ರಲ್ಲಿ ಟಿಬೆಟನ್ ಆಡಳಿತ ನಡೆಸಿದ ಜನಗಣತಿಯಲ್ಲಿ ಭಾರತದಲ್ಲಿ 94,203 ಟಿಬೆಟನ್ನರಿದ್ದರು. ಆ ಬಳಿಕ ಸಂಖ್ಯೆ ಇಳಿಮುಖ. ಹೊಸಬರು ಬರುತ್ತಿಲ್ಲ, ಜನನ ಕಡಿಮೆಯಾಗಿದೆ, ಯುವಕರು ಬೆಂಗಳೂರಿಗೆ, ಅಲ್ಲಿಂದ ಟೊರಾಂಟೊ, ನ್ಯೂಯಾರ್ಕ್, ಪ್ಯಾರಿಸ್‌ಗೆ ಹೊರಡುತ್ತಾರೆ. ಶಾಲೆಗಳು ಒಂದರೊಳಗೊಂದು ವಿಲೀನಗೊಳ್ಳುತ್ತಿವೆ. ಹಿರಿಯರಷ್ಟೇ ಉಳಿದ ಮನೆಗಳ ಹೊಲವನ್ನು ಅಕ್ಕಪಕ್ಕದ ಊರಿನವರು ಮಾಡುತ್ತಾರೆ. ಊರು ಬಿಡಲು ಹಣವೊಂದೇ ಕಾರಣವಲ್ಲ. ಎಷ್ಟು ಓದಿದರೂ, ಎಷ್ಟು ದುಡಿದರೂ ವಿದೇಶಿಯ ಎಂಬ ಹಣೆಪಟ್ಟಿ ಕಳಚದ ಜಾಗದಿಂದ, ಕೆಲವೇ ವರ್ಷಗಳಲ್ಲಿ ನಾಗರಿಕರಾಗಬಹುದಾದ ಜಾಗಕ್ಕೆ ಹೋಗುತ್ತಿದ್ದಾರೆ.

ಹಾಗಾದರೆ ಯಾವ ನೀತಿ ಬೇಕು?

ಕಾಯ್ದೆ ಬೇಕು. ಹೊಸ ಯೋಚನೆಯೇನಲ್ಲ. 1990ರ ದಶಕದ ಕೊನೆಯಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ನೇತೃತ್ವದಲ್ಲಿ ಮಾದರಿ ಮಸೂದೆಯೊಂದು ಸಿದ್ಧವಾಯಿತು. 2015ರಲ್ಲಿ, ಮತ್ತೆ 2022ರಲ್ಲಿ ಸಂಸದ ಶಶಿ ತರೂರ್ ಖಾಸಗಿ ಮಸೂದೆ ಮಂಡಿಸಿದರು. ಯಾವುದೂ ಕಾಯ್ದೆಯಾಗಲಿಲ್ಲ.

ಕಾಯ್ದೆ ಬಂದರೆ ದೇಶದ ಭದ್ರತೆ ಸಡಿಲವಾಗುತ್ತದೆ ಎಂಬ ಅಂಜಿಕೆ ಇದೆ. ನನಗೆ ತದ್ವಿರುದ್ಧವಾಗಿ ಕಾಣುತ್ತದೆ. ಅರ್ಜಿ ಹಾಕಲು ಕಚೇರಿ, ವಿಚಾರಣೆಗೆ ಕಾಲಮಿತಿ, ತಿರಸ್ಕಾರವಾದರೆ ಮೇಲ್ಮನವಿ ಇವು ಇದ್ದರೆ ಯಾರು ಎಲ್ಲಿದ್ದಾರೆ ಎಂಬುದು ಸರ್ಕಾರಕ್ಕೆ ಗೊತ್ತಿರುತ್ತದೆ. ಬಾಗಿಲೇ ಇಲ್ಲದ ಕಡೆ ಜನ ಗೋಡೆ ಹಾರುತ್ತಾರೆ, ದಲ್ಲಾಳಿಗಳು ಹಣ ಮಾಡುತ್ತಾರೆ. ಕರ್ನಾಟಕ ಸರ್ಕಾರವೂ ಕೇಂದ್ರಕ್ಕೆ ಕಾಯಬೇಕಿಲ್ಲದ ಕೆಲಸಗಳಿವೆ: ಐದೂ ವಸಾಹತುಗಳ ಗುತ್ತಿಗೆ ಪತ್ರಗಳನ್ನು ತಕರಾರಿಲ್ಲದಂತೆ ಮುಗಿಸುವುದು, 1987ಕ್ಕೆ ಮುನ್ನ ಹುಟ್ಟಿದವರ ಜನನ ದಾಖಲೆಗಳನ್ನು ತಾಲ್ಲೂಕು ಮಟ್ಟದಲ್ಲೇ ಸರಿಪಡಿಸಿಕೊಡುವುದು. ಹಳೆಯ ಜನನ ಪ್ರಮಾಣಪತ್ರ ಇಲ್ಲದ್ದರಿಂದಲೇ ಹಕ್ಕು ಕೈತಪ್ಪುವುದು ತೀರಾ ಅನ್ಯಾಯ.

ವಿದೇಶಿ ಪಾಸ್‌ಪೋರ್ಟ್ ಇರುವ ನಮ್ಮ ನೆಂಟರು ಬೈಲಕುಪ್ಪೆಯಲ್ಲಿ ಉಳಿಯಬಹುದೇ?

ಭಾರತೀಯರಿಗೆ ಯಾವ ಅನುಮತಿಯೂ ಬೇಡ. ವಿದೇಶಿ ಪಾಸ್‌ಪೋರ್ಟ್ ಹೊಂದಿದವರು ವಸಾಹತಿನೊಳಗೆ ರಾತ್ರಿ ತಂಗಲು ಗೃಹ ಸಚಿವಾಲಯದಿಂದ ಸಂರಕ್ಷಿತ ಪ್ರದೇಶದ ಪರವಾನಗಿ ಪಡೆಯಬೇಕು. ಅದಕ್ಕೆ ವಾರಗಳೇ ಹಿಡಿಯುವುದುಂಟು, ಆದ್ದರಿಂದ ಸಾಕಷ್ಟು ಮುಂಚೆ ಅರ್ಜಿ ಹಾಕಬೇಕು. ಇಲ್ಲವಾದರೆ ಕುಶಾಲನಗರದಲ್ಲಿ ಉಳಿದು ಹಗಲಿನಲ್ಲಿ ಹೋಗಿಬರುವುದು ಸುಲಭ.

ಬೆಂಗಳೂರಿನಲ್ಲಿ ಟಿಬೆಟನ್ ವಿದ್ಯಾರ್ಥಿಗಳಿಗೆ ಮನೆ ಬಾಡಿಗೆಗೆ ಕೊಡಬಹುದೇ? ತೊಂದರೆ ಬಾರದೇ?

ಧಾರಾಳವಾಗಿ ಕೊಡಬಹುದು. ಅವಧಿ ಮುಗಿಯದ ಆರ್‌ಸಿ ನೋಡಿ, ಅದರ ಪ್ರತಿ ಇಟ್ಟುಕೊಂಡು, ಎಲ್ಲರಿಗೂ ಮಾಡುವಂತೆ ಬಾಡಿಗೆ ಕರಾರು ಮಾಡಿಕೊಳ್ಳಿ. ವಿದೇಶಿಯರನ್ನು ಇರಿಸಿಕೊಂಡವರು ನೋಂದಣಿ ಅಧಿಕಾರಿಗೆ ತಿಳಿಸಬೇಕೆಂಬ ನಿಯಮವಿದೆ. ಅದನ್ನು ಅಂತರ್ಜಾಲದಲ್ಲೇ ಮಾಡಬಹುದು. ಗೊಂದಲವಿದ್ದರೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯನ್ನು ಕೇಳಿ. ಬಾಡಿಗೆದಾರರ ವಿಳಾಸ ಬದಲಾದದ್ದು ಅವರ ಆರ್‌ಸಿಯಲ್ಲೂ ದಾಖಲಾಗಬೇಕಾದ್ದರಿಂದ ನಿಮ್ಮ ಸಹಿ ಮತ್ತು ವಿಳಾಸದ ಪುರಾವೆ ಕೇಳುತ್ತಾರೆ. ದಯವಿಟ್ಟು ತಡಮಾಡದೆ ಕೊಡಿ. ಆ ಒಂದು ಕಾಗದಕ್ಕಾಗಿ ಅವರು ತರಗತಿ ಬಿಟ್ಟು ಎರಡೆರಡು ದಿನ ಅಲೆಯಬೇಕಾಗುತ್ತದೆ.